ಹಳೆ ಜಿಪ್ಸಿಯ ಮುಂದಿನ ಆಕ್ಸಲ್: ಕಿಂಗ್‌ಪಿನ್, ಸೀಲು, ಮುಚ್ಚಿಹೋದ ಬ್ರೀದರ್

ಗಾಡಿ 1998ರ ಮಾರುತಿ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್, ಕಾರ್ಬೊರೇಟರ್ ಇರುವ 1298 ಸಿಸಿ ಎಂಜಿನ್. ಹಿಂದಿನ ಎರಡು ಪಕ್ಕದ ಬೆಂಚು ಮಡಚಿದರೆ ನಮಗೆ ಇದೇ ಪಿಕಪ್. ಗೊಬ್ಬರದ ಮೂಟೆ, ಕಾಫಿ ಹಣ್ಣಿನ ಚೀಲ, ಪಂಪ್‌ಸೆಟ್ಟು, ಔಷಧಿ ಹೊಡೆಯುವ ಡ್ರಮ್ಮು ಎಲ್ಲವೂ ಇದರಲ್ಲೇ ಹೋಗಿ ಬರುತ್ತವೆ. ಮಳೆಗಾಲದಲ್ಲಿ ತೋಟದ ಕೆಳಗಿನ ಹಳ್ಳ ದಾಟಿ ಆಚೆ ಗದ್ದೆಗೆ ಹೋಗುವ ತಾಕತ್ತು ನಮ್ಮ ಮನೆಯಲ್ಲಿರುವ ಬೇರೆ ಯಾವ ಗಾಡಿಗೂ ಇಲ್ಲ. ಹಾಗಾಗಿ ಇದನ್ನು ಮಾರುವ ಮಾತು ಬಂದಾಗಲೆಲ್ಲ ನಾನು ಬೇಡ ಅಂದಿದ್ದೇನೆ.

ಈ ಸಲ ಕೆಟ್ಟಿದ್ದು ಮುಂದಿನ ಆಕ್ಸಲ್. ಹಣ್ಣು ಕೊಯ್ಲು ಶುರುವಾಗುವುದರೊಳಗೆ ಮುಗಿಯಬೇಕಿತ್ತು, ಮುಗಿಯಿತು. ಜಿಪ್ಸಿ ಇಟ್ಟುಕೊಂಡಿರುವ ತೋಟದವರಿಗೆ ಉಪಯೋಗಕ್ಕೆ ಬರಲಿ ಎಂದು ಮಾಡಿದ ಕೆಲಸವನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ.

ತೊಂದರೆ ಏನಿತ್ತು

ಐವತ್ತು, ಐವತ್ತೈದರ ವೇಗದಲ್ಲಿ ಎಡಚಕ್ರ ಗುಂಡಿಗೆ ಬಿದ್ದು ಎದ್ದರೆ ಸಾಕು, ಸ್ಟೇರಿಂಗ್ ಎರಡೂ ಕಡೆ ಬಡಿದುಕೊಳ್ಳಲು ಶುರು. ಗಾಡಿ ಹೆಚ್ಚುಕಡಿಮೆ ನಿಲ್ಲುವವರೆಗೂ ಬಿಡುತ್ತಿರಲಿಲ್ಲ. ಹೋದ ವರ್ಷ ಇದೇ ದೂರಿಗೆ ಒಂದು ವರ್ಕ್‌ಶಾಪಿನಲ್ಲಿ ಚಕ್ರ ಬ್ಯಾಲೆನ್ಸ್ ಮಾಡಿ, ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿ ಕಳಿಸಿದ್ದರು. ಬಡಿತ ನಿಂತಿತು. ಈ ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಡ್ಯಾಂಪರ್ ಹೊಸದಿದ್ದಷ್ಟು ದಿನ ಅದುರುವಿಕೆಯನ್ನು ಹಿಡಿದಿಟ್ಟಿತ್ತು, ಅಷ್ಟೇ. ಅದರ ಹಿಂದೆ ಸವೆಯುತ್ತಿದ್ದದ್ದು ಸವೆಯುತ್ತಲೇ ಇತ್ತು.

ಎರಡನೆಯ ಗುರುತು ಚಕ್ರದ ಒಳಮೈಯಲ್ಲಿತ್ತು. ನಕಲ್ಲಿನ (ಚಕ್ರವನ್ನು ಹೊತ್ತು ಸ್ಟೇರಿಂಗ್ ಜೊತೆ ತಿರುಗುವ ಭಾಗ) ಹಿಂಭಾಗದಿಂದ ಕಪ್ಪು ರಸ ಇಳಿದು ಟೈರಿನ ಒಳಗೋಡೆಗೆ ಮೆತ್ತಿಕೊಂಡಿತ್ತು. ಬೆರಳಿಗೆ ತೆಗೆದುಕೊಂಡು ನೋಡಿದರೆ ಪೂರ್ತಿ ಗ್ರೀಸೂ ಅಲ್ಲ, ಪೂರ್ತಿ ಆಯಿಲ್ಲೂ ಅಲ್ಲ. ಮೂಸಿದರೆ ಗೇರ್ ಆಯಿಲ್ಲಿನ ಗಂಧಕದ ವಾಸನೆ. ನಕಲ್ಲಿನೊಳಗೆ ಇರಬೇಕಾದದ್ದು ಗ್ರೀಸ್ ಮಾತ್ರ. ಅಲ್ಲಿ ಗೇರ್ ಆಯಿಲ್ ವಾಸನೆ ಬಂದರೆ ಆಕ್ಸಲ್ ಟ್ಯೂಬಿನ ಬಾಯಲ್ಲಿರುವ ಒಳಗಿನ ಸೀಲು ಸತ್ತಿದೆ, ಹೌಸಿಂಗಿನ (ಆಕ್ಸಲ್ಲಿನ ಗೇರ್ ಇರುವ ಗೂಡು) ಆಯಿಲ್ ಹರಿದು ಬಂದು ಗ್ರೀಸನ್ನು ನೀರು ಮಾಡುತ್ತಿದೆ ಎಂದರ್ಥ.

ಹಂತ 1: ಬಿಚ್ಚುವ ಮುಂಚೆ ಪರೀಕ್ಷೆ

ಮುಂದಿನ ಆಕ್ಸಲ್ಲಿಗೆ ಜಾಕಿ ಕೊಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಒಡ್ಡಿ, ಸ್ಟ್ಯಾಂಡ್ ಮೇಲೆ ಕೂರಿಸಿದೆ. ಟೈರನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿದರೆ ಎರಡೂ ಕಡೆ ಪ್ಲೇ (ಸಡಿಲದ ಅಲುಗಾಟ) ಇತ್ತು. ಎಡಗಡೆ ಟಕ್ ಟಕ್ ಅಂತ ಕೈಗೆ ಹೊಡೆಯುವಷ್ಟು.

ಈ ಪ್ಲೇ ವೀಲ್ ಬೇರಿಂಗಿನದೋ ಕಿಂಗ್‌ಪಿನ್ನಿನದೋ (ನಕಲ್ಲು ತಿರುಗಲು ಮೇಲೆ, ಕೆಳಗೆ ಆಧಾರವಾಗಿರುವ ಪಿನ್ನು) ಎಂದು ಗೊತ್ತುಮಾಡಿಕೊಳ್ಳದೆ ಯಾವುದನ್ನೂ ಬಿಚ್ಚಬಾರದು. ಅಣ್ಣನ ಮಗನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಬ್ರೇಕ್ ಒತ್ತಿ ಹಿಡಿ ಎಂದೆ. ಬ್ರೇಕ್ ಒತ್ತಿದಾಗ ಡಿಸ್ಕು ಕ್ಯಾಲಿಪರ್ ಮೂಲಕ ನಕಲ್ಲಿಗೆ ಕಚ್ಚಿಕೊಳ್ಳುತ್ತದೆ, ವೀಲ್ ಬೇರಿಂಗಿನ ಪ್ಲೇ ಮುಚ್ಚಿಹೋಗುತ್ತದೆ. ಆಮೇಲೂ ಉಳಿಯುವ ಪ್ಲೇ ಕಿಂಗ್‌ಪಿನ್ನಿನದು.

"ಚಿಕ್ಕಪ್ಪ, ಒತ್ತಿದೀನಿ, ಈಗ ನೋಡಿ."

ಬಲಗಡೆ ಅರ್ಧಕ್ಕರ್ಧ ಕಡಿಮೆಯಾಯಿತು. ಎಡಗಡೆ ಏನೇನೂ ಬದಲಾಗಲಿಲ್ಲ. ಬ್ಯಾಟರಿ ಹಾಕಿ ನೋಡಿದರೆ ನಕಲ್ಲಿನ ಮೇಲಿನ ತುದಿಯೇ ಆಕ್ಸಲ್ ತುದಿಯ ಗುಂಡಿನ ಮೇಲೆ ಹಿಂದಕ್ಕೂ ಮುಂದಕ್ಕೂ ಜರುಗುತ್ತಿತ್ತು. ಎಡಗಡೆ ಕಿಂಗ್‌ಪಿನ್ ಬೇರಿಂಗ್ ಹೋಗಿದೆ, ಬಲಗಡೆ ಎರಡೂ ಸ್ವಲ್ಪ ಸ್ವಲ್ಪ ಹೋಗಿವೆ. ಎರಡೂ ಕಡೆ ಪೂರ್ತಿ ಮಾಡುವುದೆಂದು ತೀರ್ಮಾನಿಸಿದೆ.

ಹಂತ 2: ಸಾಮಾನು

ಕಿಂಗ್‌ಪಿನ್ ಬೇರಿಂಗ್ ನಾಲ್ಕು, ನಕಲ್ ಸೀಲ್ ಸೆಟ್ ಎರಡು (ಉಕ್ಕಿನ ಪಟ್ಟಿ, ಫೆಲ್ಟು, ರಬ್ಬರ್ ಮೂರೂ ಸೇರಿ), ಆಕ್ಸಲ್ ಒಳ ಸೀಲು ಎರಡು, ಹಬ್ ಸೀಲು ಎರಡು, ಬಲಗಡೆಗೆ ವೀಲ್ ಬೇರಿಂಗ್ ಒಂದು ಜೊತೆ, ಬ್ರೇಕ್ ಪ್ಯಾಡ್, ಶಿಮ್‌ಗಳು (ಬಿಗಿ ಹೊಂದಿಸಲು ಇಡುವ ತೆಳು ತಗಡುಗಳು). ಸೈನ್ಯ, ಪೊಲೀಸರು ವರ್ಷಗಟ್ಟಲೆ ಓಡಿಸಿದ ಗಾಡಿಯಾದ್ದರಿಂದ ಜಿಪ್ಸಿ ಸಾಮಾನಿಗೆ ಈಗಲೂ ಬರ ಇಲ್ಲ. ಆದರೆ ಹತ್ತಿರದ ಪೇಟೆಯಲ್ಲಿ ಸಿಕ್ಕಿದ್ದು ಪ್ಯಾಡ್ ಮತ್ತು ಗ್ರೀಸ್ ಮಾತ್ರ. ಉಳಿದದ್ದನ್ನು ಬೆಂಗಳೂರು ಜೆ.ಸಿ. ರೋಡಿನಿಂದ ಬಸ್ ಪಾರ್ಸೆಲ್ಲಿನಲ್ಲಿ ತರಿಸಿದೆ. ಬೇರಿಂಗುಗಳನ್ನು ಒಳ್ಳೆ ಕಂಪನಿಯದೇ ಕೇಳಿ ತರಿಸಿ. ಒಂದು ಬೇರಿಂಗಿಗೆ ನೂರೈವತ್ತು ರೂಪಾಯಿ ಉಳಿಸಲು ಹೋಗಿ ಇಡೀ ಆಕ್ಸಲ್ಲನ್ನು ಮತ್ತೆ ಬಿಚ್ಚುವ ಹಾಗಾಗಬಾರದು.

ಹಬ್ಬಿನ ಲಾಕ್ ನಟ್ ಬಿಚ್ಚಲು ನಾಲ್ಕು ಹಲ್ಲಿನ ಸಾಕೆಟ್ ಬೇಕು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಬಿಚ್ಚುವವರು ಬಹಳ ಜನ. ನನ್ನ ಗಾಡಿಯ ನಟ್ಟಿನ ಮೇಲೂ ಆ ಏಟುಗಳ ಗುರುತು ಇದ್ದವು. ಲೇತ್ ಅಂಗಡಿಯಲ್ಲಿ ದಪ್ಪ ಪೈಪಿನ ತುಂಡಿಗೆ ನಾಲ್ಕು ಹಲ್ಲು ಕೊರೆಸಿ, ಹಿಂದೆ ಒಂದು ಹಳೆ ಸಾಕೆಟ್ ವೆಲ್ಡ್ ಮಾಡಿಸಿಕೊಂಡೆ. 400 ರೂಪಾಯಿ. ಇನ್ನು ಜೀವಮಾನಕ್ಕಾಯಿತು.

ಹಂತ 3: ಎಡಗಡೆ ಬಿಚ್ಚಿದ್ದು

ಚಕ್ರ ತೆಗೆದೆ. ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಸ್ಪ್ರಿಂಗ್ ಪಟ್ಟಿಗೆ ಕಟ್ಟಿದೆ. ಬ್ರೇಕ್ ಹೋಸಿನ ಮೇಲೆ ಅದರ ಭಾರ ಬೀಳಬಾರದು. ಫ್ರೀ ವೀಲ್ ಹಬ್ ತೆಗೆದು, ಶಾಫ್ಟಿನ ತುದಿಯ ಸರ್ಕ್ಲಿಪ್ ಬಿಡಿಸಿದೆ. ಆಮೇಲೆ ಲಾಕ್ ವಾಷರಿನ ನಾಲ್ಕು ಸ್ಕ್ರೂ. ಇವು ಸುಮ್ಮನೆ ಸ್ಕ್ರೂಡ್ರೈವರಿಗೆ ಬರುವುದಿಲ್ಲ, ತಲೆ ತಿಂದುಹೋಗುತ್ತದೆ. ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರಿಗೆ ಒಂದೊಂದು ಏಟಿಗೆ ಬಿಟ್ಟವು. ಲಾಕ್ ನಟ್ ತೆಗೆದರೆ ಹಬ್ಬು ಡಿಸ್ಕಿನ ಸಮೇತ ಈಚೆಗೆ.

ಸ್ಪಿಂಡಲ್ ಬಿಚ್ಚಿದಾಗ ನೆಲದ ಮೇಲೆ ಟ್ರೇ ಇಟ್ಟಿದ್ದು ಒಳ್ಳೆಯದಾಯಿತು. ಬೂದು ಬಣ್ಣದ ರಸ ಒಂದು ಲೋಟದಷ್ಟು ಸುರಿಯಿತು. ಬೂದು ಬಣ್ಣ ಅಂದರೆ ಆಯಿಲ್ಲಿಗೆ ನೀರು ಸೇರಿದೆ. ಶಾಫ್ಟನ್ನು ಜಾಯಿಂಟಿನ ಸಮೇತ ಎಳೆದು ಡೀಸೆಲ್‌ನಲ್ಲಿ ತೊಳೆದೆ. ಜಾಯಿಂಟಿನ ಗುಂಡುಗಳ ದಾರಿಯಲ್ಲಿ ಸವೆತ ಇದ್ದರೂ ಬಿರುಕು ಇರಲಿಲ್ಲ. ಪುಣ್ಯ. ಇಡೀ ಕೆಲಸದಲ್ಲಿ ಅತಿ ದುಬಾರಿ ಸಾಮಾನು ಅದೇ ಆಗುತ್ತಿತ್ತು.

ಟೈ ರಾಡ್ (ಎರಡೂ ಚಕ್ರಗಳನ್ನು ಜೋಡಿಸುವ ಸರಳು) ಎಂಡ್ ಪುಲ್ಲರ್ ಹಾಕಿ ಬಿಡಿಸಿದೆ. ನಕಲ್ಲಿನ ಹಿಂದೆ ಸೀಲ್ ಪಟ್ಟಿ ಹಿಡಿದಿರುವ 10ರ ಬೋಲ್ಟು ಎಂಟು. ಎರಡು ತುಕ್ಕು ಹಿಡಿದು ಕೂತಿದ್ದವು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದೆ, ಬೆಳಿಗ್ಗೆ ಸಲೀಸಾಗಿ ಬಂದವು. ಅವಸರಕ್ಕೆ ಬಿದ್ದು ತಲೆ ಮುರಿದಿದ್ದರೆ ಡ್ರಿಲ್ ಹಾಕಿ ತೆಗೆಯಬೇಕಿತ್ತು.

ಮೇಲಿನ, ಕೆಳಗಿನ ಕಿಂಗ್‌ಪಿನ್ ಎರಡಕ್ಕೂ ನಾಲ್ಕು ನಾಲ್ಕು ಬೋಲ್ಟು. ಯಾವುದು ಎಲ್ಲಿಯದೆಂದು ಪಂಚ್ ಹೊಡೆದು ಗುರುತು ಮಾಡಿ, ಅದರದರ ಶಿಮ್‌ಗಳನ್ನು ಬೇರೆ ಬೇರೆ ಕವರಿನಲ್ಲಿ ಹಾಕಿಟ್ಟೆ. ಕೆಳಗಿನ ಪಿನ್ ತೆಗೆಯುತ್ತಿದ್ದಂತೆ ಬೇರಿಂಗ್ ತಾನಾಗಿ ಕೈಗೆ ಬಿತ್ತು.

ಕಾಯಿಲೆ ಅಲ್ಲೇ ಕಂಡಿತು. ಬೇರಿಂಗಿನ ಹೊರ ಕಪ್ಪಿನಲ್ಲಿ ಒಂದೊಂದು ರೋಲರಿಗೆ ಒಂದೊಂದು ಗೀರು, ಉಗುರಿಗೆ ಸಿಗುವಷ್ಟು ಆಳ. ಕಿಂಗ್‌ಪಿನ್ ಬೇರಿಂಗ್ ವೀಲ್ ಬೇರಿಂಗಿನ ಹಾಗೆ ಪೂರ್ತಿ ಸುತ್ತುವುದಿಲ್ಲ. ಗಾಡಿ ನೇರ ಹೋಗುವಾಗ ರೋಲರುಗಳು ಒಂದೇ ಜಾಗದಲ್ಲಿ ಕೂತು ಗುಂಡಿಯ ಏಟನ್ನೆಲ್ಲ ಅಲ್ಲೇ ತಿನ್ನುತ್ತವೆ. ನೀರು ಸೇರಿ ಗ್ರೀಸ್ ಕೊಚ್ಚಿಹೋದ ಮೇಲೆ ಆ ಜಾಗ ಬೇಗ ತಗ್ಗಾಗುತ್ತದೆ. ತಗ್ಗಾದಷ್ಟೂ ಬಿಗಿ ಸಡಿಲ, ಸಡಿಲವಾದಷ್ಟೂ ಬಡಿತ. ಇದಕ್ಕೆ ಡ್ಯಾಂಪರ್ ಏನು ಮಾಡೀತು?

ಹಂತ 4: ಗುಂಡು ಮತ್ತು ಒಳಗಿನ ಸೀಲು

ಆಕ್ಸಲ್ ತುದಿಯ ಗುಂಡಿನ ಕೆಳಭಾಗದಲ್ಲಿ ತುಕ್ಕು ತಿಂದ ಸಣ್ಣ ಸಣ್ಣ ಗುಳಿಗಳಿದ್ದವು. ಹೀಗೇ ಬಿಟ್ಟರೆ ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಆ ಗುಳಿಯ ಅಂಚು ಹೊಸ ಸೀಲನ್ನು ಕೆರೆಯುತ್ತದೆ. ತಂತಿ ಬ್ರಶ್ಶಿನಲ್ಲಿ ತಿಕ್ಕಿ, ಪೆಟ್ರೋಲಿನಲ್ಲಿ ಒರೆಸಿ, ಲೋಹಕ್ಕೆ ಹಾಕುವ ಎಪಾಕ್ಸಿ ತುಂಬಿ ಒಂದು ದಿನ ಬಿಟ್ಟೆ. ಆಮೇಲೆ 220, ಕೊನೆಗೆ 400 ನಂಬರಿನ ವಾಟರ್ ಪೇಪರ್. ಕಣ್ಣಿಗೆ ಕಲೆ ಕಾಣುತ್ತದೆ, ಬೆರಳಿಗೆ ಏನೂ ಸಿಗಬಾರದು. ಅಲ್ಲಿಯವರೆಗೆ ಉಜ್ಜಬೇಕು. ಇದು ಸಮಯ ತಿನ್ನುವ ಕೆಲಸ, ಆದರೆ ಸೀಲು ಎಷ್ಟು ವರ್ಷ ಬಾಳುತ್ತದೆ ಎನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ಒಳಗಿನ ಸೀಲಿನಲ್ಲಿ ಒಂದು ನಷ್ಟವಾಯಿತು. ಮರದ ತುಂಡು ಇಟ್ಟು ಸುತ್ತಿಗೆಯಲ್ಲಿ ಹೊಡೆದಾಗ ಸೀಲು ಒಂದು ಪಕ್ಕಕ್ಕೆ ವಾಲಿ ಒಳಹೋಯಿತು, ಹೊರಗಿನ ತಗಡಿನ ಅಂಚು ಮಡಚಿತು. ಅದನ್ನು ಕಿತ್ತು ಬಿಸಾಕಿ, ಇನ್ನೊಂದು ತರಿಸಿಕೊಳ್ಳುವವರೆಗೆ ಕೆಲಸ ನಿಂತಿತು. ಎರಡನೆಯದಕ್ಕೆ, ಆಗಲೇ ತೆಗೆದಿದ್ದ ಹಳೆ ವೀಲ್ ಬೇರಿಂಗ್ ಕಪ್ಪನ್ನು ಸೀಲಿನ ಮೇಲೆ ಸಮವಾಗಿ ಇಟ್ಟು, ಅದರ ಮೇಲೆ ಪೈಪ್ ಇಟ್ಟು ಸುತ್ತಲೂ ಸ್ವಲ್ಪ ಸ್ವಲ್ಪವೇ ಹೊಡೆದೆ. ನೇರವಾಗಿ ಕೂತಿತು. ಬಲಗಡೆಯೂ ಅದೇ ಕಪ್ಪು, ಅದೇ ಪೈಪು.

ಕಿಂಗ್‌ಪಿನ್ನಿನ ಹೊಸ ಕಪ್ಪುಗಳನ್ನು ರಾತ್ರಿ ಫ್ರೀಜರಿನಲ್ಲಿಟ್ಟಿದ್ದೆ. ಹಿತ್ತಾಳೆಯ ಡ್ರಿಫ್ಟಿನಲ್ಲಿ ನಾಲ್ಕಾರು ಏಟಿಗೆ ಇಳಿದವು. ಕಪ್ಪು ಬುಡಕ್ಕೆ ಕೂತಾಗ ಏಟಿನ ಸದ್ದು ಬದಲಾಗುತ್ತದೆ. ಅದುವರೆಗೆ ಮಂದ ಸದ್ದು, ಕೂತ ಮೇಲೆ ಗಟ್ಟಿ ಕಣಕಣ. ಆ ಸದ್ದು ಕೇಳುವವರೆಗೆ ನಿಲ್ಲಿಸಬಾರದು.

ಹಂತ 5: ಶಿಮ್ ಮತ್ತು ಬಿಗಿ

ಇಡೀ ಕೆಲಸದ ಜೀವಾಳ ಇದು. ಹೊಸ ಬೇರಿಂಗ್ ಹಾಕಿ ಹಳೆ ಶಿಮ್‌ಗಳನ್ನೇ ಮತ್ತೆ ಕೂರಿಸಿ ಬೋಲ್ಟ್ ಬಿಗಿದರೆ ಕೆಲಸ ಮುಗಿಯಿತು ಎಂದುಕೊಂಡವರ ಗಾಡಿಯೇ ಮತ್ತೆ ಬಡಿಯುವುದು. ನಕಲ್ಲನ್ನು ತಿರುಗಿಸಲು ಎಷ್ಟು ಬಲ ಬೇಕು ಎಂದು ಅಳೆಯಲೇಬೇಕು. ಸುಜುಕಿ ಲೆಕ್ಕದ ಪ್ರಕಾರ ಟೈ ರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದಾಗ ನಕಲ್ಲು 1.0ರಿಂದ 1.8 ಕೆಜಿ ಒಳಗೆ ಅಲುಗಬೇಕು. ಅದೂ ನಕಲ್ ಸೀಲು ಇಲ್ಲದೆ. ಸೀಲಿನ ಪಟ್ಟಿ ಬಿಗಿದ ಮೇಲೆ ಅಳೆದರೆ ಸೀಲಿನ ತಿಕ್ಕಾಟವೂ ಸೇರಿ ತಪ್ಪು ಲೆಕ್ಕ ಬರುತ್ತದೆ, ಸಡಿಲ ಬೇರಿಂಗೂ ಬಿಗಿಯಾಗಿದ್ದಂತೆ ತೋರುತ್ತದೆ. ಹಾಗಾಗಿ ಸೀಲಿನ ಉಂಗುರಗಳನ್ನು ಮೊದಲೇ ಗುಂಡಿನ ಮೇಲೆ ಏರಿಸಿ ಹಿಂದಕ್ಕೆ ತಳ್ಳಿಟ್ಟು, ನಕಲ್ಲು ಕೂರಿಸಿ, ಪಿನ್ನುಗಳ ಬೋಲ್ಟನ್ನು 25 ನ್ಯೂಟನ್ ಮೀಟರಿಗೆ ಬಿಗಿದು ಆಮೇಲೆ ಅಳೆದೆ.

ಕಣದಲ್ಲಿ ಕಾಫಿ ತೂಗುವ ತಕ್ಕಡಿ ಈ ಕೆಲಸಕ್ಕೆ ಆಗುವುದಿಲ್ಲ. ನೂರು ಕೆಜಿಯ ಮುಳ್ಳು ಒಂದು ಕೆಜಿಗೆ ಅಲುಗುವುದೇ ಇಲ್ಲ. ಪ್ರಯಾಣದ ಬ್ಯಾಗ್ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಚೆನ್ನಾಗಿ ನಡೆಯಿತು.

ಎಡಗಡೆ ಹಳೆ ಶಿಮ್‌ಗಳಲ್ಲೇ ಮೊದಲ ಅಳತೆ 0.6 ಕೆಜಿ. ಶಿಮ್ ತೆಗೆದರೆ ಬಿಗಿ ಹೆಚ್ಚುತ್ತದೆ. ಮೇಲಿನಿಂದ 0.1 ಮಿಮೀ ಒಂದನ್ನು ತೆಗೆದಾಗ 1.4. ಅದೇ ಇರಲಿ ಎಂದು ಬಿಟ್ಟೆ. ಬಲಗಡೆ ಇಷ್ಟು ಸಲೀಸಾಗಲಿಲ್ಲ. ಒಂದು ಶಿಮ್ ಇದ್ದರೆ 0.8, ತೆಗೆದರೆ 2.3. ನಡುವೆ ಏನೂ ಇಲ್ಲ. ಶಿಮ್‌ಗಳನ್ನು ಲೇತ್ ಅಂಗಡಿಗೆ ಒಯ್ದು ಸ್ಕ್ರೂಗೇಜಿನಲ್ಲಿ ಅಳೆಸಿದೆ. ಹಳೆಯವು ನಜ್ಜಾಗಿ ಒಂದೇ ದಪ್ಪ ಇರಲಿಲ್ಲ. ಅವರ ಹತ್ತಿರ 0.05 ಮಿಮೀ ಹಿತ್ತಾಳೆ ಹಾಳೆ ಇತ್ತು. ಅದರಲ್ಲಿ ಅದೇ ಆಕಾರಕ್ಕೆ ಒಂದು ಶಿಮ್ ಕತ್ತರಿಸಿಕೊಂಡು ಬಂದು ಹಾಕಿದಾಗ 1.5 ಬಂತು. ಕೂದಲೆಳೆಯಷ್ಟು ದಪ್ಪದ ಹಾಳೆ ಇಷ್ಟು ವ್ಯತ್ಯಾಸ ಮಾಡುತ್ತದೆ ಎನ್ನುವುದನ್ನು ಕೈಯಾರೆ ಎಳೆದು ನೋಡಿಯೇ ನಂಬಬೇಕು.

ಹಂತ 6: ಜೋಡಣೆ

ಫೆಲ್ಟನ್ನು ಗೇರ್ ಆಯಿಲ್‌ನಲ್ಲಿ ನೆನೆಸಿ ಹಾಕಿದೆ. ಒಣ ಫೆಲ್ಟು ಗುಂಡನ್ನು ತಿನ್ನುತ್ತದೆ. ನಕಲ್ಲು ಬಿಚ್ಚುವ ತೊಂದರೆ ಬೇಡವೆಂದು ರಬ್ಬರ್ ಉಂಗುರವನ್ನು ಕತ್ತರಿಸಿ ಸುತ್ತಿ ಹಾಕುವ ರೂಢಿಯೂ ಇದೆ. ನಮ್ಮ ಕಡೆಯ ಮಳೆಗೆ, ಹಳ್ಳ ದಾಟುವ ಗಾಡಿಗೆ ಅದು ಬೇಡ.

ಜಾಯಿಂಟಿನೊಳಗೆ ಮಾಲಿಬ್ಡಿನಮ್ ಗ್ರೀಸ್ ಒತ್ತಿ ಒತ್ತಿ ತುಂಬಿದೆ, ನಕಲ್ಲಿನ ಹೊಟ್ಟೆಗೂ ಮುಕ್ಕಾಲು ಭಾಗ. ಶಾಫ್ಟನ್ನು ಒಳಗೆ ಬಿಡುವಾಗ ಅದರ ಹಲ್ಲುಗಳು ಹೊಸ ಸೀಲಿನ ತುಟಿಯ ಮೇಲೆ ಒರಗಬಾರದು. ಒಂದು ಕೈಯಲ್ಲಿ ಎತ್ತಿ ಹಿಡಿದೇ ಬಿಡಬೇಕು. ಎಡ, ಬಲ ಶಾಫ್ಟುಗಳ ಉದ್ದ ಬೇರೆ ಬೇರೆ, ಅದಲುಬದಲಾಗದಂತೆ ಎಚ್ಚರ.

ವೀಲ್ ಬೇರಿಂಗ್ ನಟ್ ಗಟ್ಟಿಯಾಗಿ ಬಿಗಿದು, ಹಬ್ಬನ್ನು ಎರಡೂ ಕಡೆ ಸುತ್ತಿಸಿ, ಪೂರ್ತಿ ಸಡಿಲಿಸಿ, ಮತ್ತೆ ಹಗುರಾಗಿ ಬಿಗಿದೆ. ಪ್ಲೇ ಸೊನ್ನೆ, ಆದರೆ ಹಬ್ಬು ಕೈಗೆ ಸರಾಗ ತಿರುಗಬೇಕು. ಲಾಕ್ ವಾಷರಿನ ಸ್ಕ್ರೂಗಳು ಹೊಸವು. ಆಯಿಲ್ ಕುಡಿದಿದ್ದ ಹಳೆ ಪ್ಯಾಡುಗಳನ್ನು ಪೇಪರ್ ಹಾಕಿ ಉಜ್ಜಿ ಮತ್ತೆ ಬಳಸುವ ಯೋಚನೆ ಯಾರೂ ಮಾಡಬೇಡಿ. ಘಾಟಿ ಇಳಿಯುವ ಗಾಡಿ ಇದು.

ಹಂತ 7: ಮೂಲ ಕಾರಣ

ಸೀಲು ಹಳತಾಗಿ ಹೋಯಿತು ಎಂದು ಇಲ್ಲಿಗೆ ಬಿಡಬಹುದಿತ್ತು. ಆದರೆ ಎರಡೂ ಕಡೆಯ ಸೀಲು ಒಟ್ಟಿಗೆ ಸೋರಲು ಕಾರಣ ಇರಬೇಕು, ಆಯಿಲ್ಲಿಗೆ ನೀರು ಎಲ್ಲಿಂದ ಬಂತು ಎಂಬುದೂ ಗೊತ್ತಾಗಬೇಕು. ಹೌಸಿಂಗ್ ಮೇಲಿರುವ ಬ್ರೀದರ್ (ಒಳಗಿನ ಗಾಳಿ ಆಡಲು ಇರುವ ಸಣ್ಣ ಬಿರಡೆ) ಬಿಚ್ಚಿ ಊದಿದೆ. ಉಸಿರು ಹೋಗಲೇ ಇಲ್ಲ. ಒಳಗೆಲ್ಲ ಕೆಂಪು ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು.

ಗಾಡಿ ಓಡಿ ಆಕ್ಸಲ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಹೋಗಲು ಬ್ರೀದರಿನಲ್ಲಿ ದಾರಿ ಇಲ್ಲದಿದ್ದರೆ ಆಯಿಲ್ಲನ್ನು ಸೀಲಿನ ತುಟಿ ದಾಟಿಸಿ ತಳ್ಳುತ್ತದೆ. ಅದೇ ಬಿಸಿ ಆಕ್ಸಲ್ ತಣ್ಣಗಿನ ಹಳ್ಳಕ್ಕೆ ಇಳಿದಾಗ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದಲೇ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಪ್ರತಿ ಮಳೆಗಾಲವೂ ಇದೇ ನಡೆದಿದೆ. ಬೇರಿಂಗು, ಸೀಲು, ಪ್ಯಾಡು, ಈ ಎಲ್ಲ ಖರ್ಚಿನ ತಾಯಿಬೇರು ಹೆಬ್ಬೆರಳಿನಷ್ಟೂ ಇಲ್ಲದ ಆ ಬಿರಡೆ. ಹಳೆ ಫೋರ್ ವೀಲ್ ಗಾಡಿ ಕೊಂಡ ದಿನವೇ ಎಲ್ಲಕ್ಕಿಂತ ಮೊದಲು ಮುಂದಿನ, ಹಿಂದಿನ ಹೌಸಿಂಗಿನ ಬ್ರೀದರುಗಳನ್ನು ಬಿಚ್ಚಿ ಊದಿ ನೋಡಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ಹಳೆ ಬ್ರೀದರಿನ ಜಾಗಕ್ಕೆ ನಿಪ್ಪಲ್ ಹಾಕಿ, ಎಂಜಿನ್ ಆಯಿಲ್ ತಡೆಯುವ 8 ಮಿಮೀ ರಬ್ಬರ್ ಹೋಸನ್ನು ಬಾನೆಟ್ಟಿನ ಒಳಗೆ ಫೈರ್‌ವಾಲ್ ಮೇಲ್ತುದಿಯವರೆಗೆ ಒಯ್ದೆ. ತುದಿಗೆ ಬೈಕಿನ ಪೆಟ್ರೋಲ್ ಫಿಲ್ಟರ್, ಧೂಳು ಹೋಗದಂತೆ. ಸ್ಪ್ರಿಂಗ್ ಪೂರ್ತಿ ಇಳಿದಾಗಲೂ ಎಳೆಯದಷ್ಟು ಹೋಸು ಸಡಿಲ ಬಿಟ್ಟಿದ್ದೇನೆ. ಹಿಂದಿನ ಹೌಸಿಂಗಿಗೂ ಇದೇ ವ್ಯವಸ್ಥೆ, ಹೋಸನ್ನು ಪೆಟ್ರೋಲ್ ತುಂಬುವ ಬಾಯಿಯ ಎತ್ತರಕ್ಕೆ ಕಟ್ಟಿದೆ.

ಮುಂದಿನ ಹೌಸಿಂಗ್ ಡ್ರೇನ್ ಮಾಡಿದರೆ ಕಾಫಿ ಬಣ್ಣದ ಹಾಲು ಬಂದಂತೆ ಬಂತು. ಒಂದು ಲೀಟರ್ ಹೊಸ ಆಯಿಲ್ ಹಾಕಿ ಚಕ್ರ ಸುತ್ತಿಸಿ ತೊಳೆದು ಚೆಲ್ಲಿ, ಆಮೇಲೆ 80ಡಬ್ಲ್ಯು-90 ಎರಡು ಲೀಟರ್ ತುಂಬಿದೆ. ಹಿಂದಕ್ಕೆ ಒಂದೂವರೆ ಲೀಟರ್ ಹಿಡಿಯಿತು.

ಹಂತ 8: ಟೋ ಮತ್ತು ಓಡಿಸಿ ನೋಡಿದ್ದು

ಟೋ ಎಂದರೆ ಮುಂದಿನ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಎನ್ನುವ ಲೆಕ್ಕ. ಎರಡೂ ಟೈರಿನ ನಡುಗೆರೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆಕ್ಸಲ್ ಎತ್ತರದಲ್ಲಿ ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆ. ಮುಂದೆ 11 ಮಿಮೀ ಕಡಿಮೆ ಇತ್ತು. ಟೈ ರಾಡ್ ತಿರುಗಿಸಿ 4 ಮಿಮೀಗೆ ತಂದೆ. ಟೈರಿನ ಹೊರ ಅಂಚು ಸವೆದಿದ್ದಕ್ಕೆ ಕಾರಣ ಸಿಕ್ಕಿತು.

ಕೊಟ್ಟಿಗೆಹಾರದಿಂದ ಬಣಕಲ್ ಕಡೆಗೆ ಓಡಿಸಿದೆ. ಮಳೆ ಬಿಟ್ಟ ಮೇಲಿನ ರಸ್ತೆ, ಪರೀಕ್ಷೆಗೆ ಬೇಕಾದಷ್ಟು ಗುಂಡಿ. ಮೊದಲು ಡ್ಯಾಂಪರ್ ಬಿಚ್ಚಿಯೇ ಹೋದೆ, ಅದು ಮತ್ತೆ ಏನನ್ನೂ ಮುಚ್ಚಿಡಬಾರದೆಂದು. ಐವತ್ತೈದು, ಅರವತ್ತರಲ್ಲಿ ಎಡಚಕ್ರವನ್ನು ಬೇಕೆಂದೇ ಗುಂಡಿಗೆ ಇಳಿಸಿದೆ. ಸ್ಟೇರಿಂಗ್ ಒಂದು ಸಲ ಅದುರಿ ಅಲ್ಲೇ ನಿಂತಿತು. ತಿರುವಿನಿಂದ ತಾನಾಗಿ ನೇರಕ್ಕೆ ಬರುವುದು ಮೊದಲಿಗಿಂತ ತುಸು ನಿಧಾನ. ಹೊಸ ಸೀಲು ಪಳಗಿದರೆ ಸರಿಹೋಗುತ್ತದೆ. ಮನೆಗೆ ಬಂದು ಡ್ಯಾಂಪರನ್ನು ಮತ್ತೆ ಹಾಕಿದೆ.

ಖರ್ಚು

ಕಿಂಗ್‌ಪಿನ್ ಬೇರಿಂಗ್ 1,800. ನಕಲ್ ಸೀಲ್ ಸೆಟ್ 1,300. ಒಳ ಸೀಲು (ಹಾಳಾದದ್ದೂ ಸೇರಿ), ಹಬ್ ಸೀಲು ಒಟ್ಟು 850. ವೀಲ್ ಬೇರಿಂಗ್ 1,400. ಪ್ಯಾಡ್ 900. ಗೇರ್ ಆಯಿಲ್, ಗ್ರೀಸ್ 2,500. ಸಾಕೆಟ್, ಹಿತ್ತಾಳೆ ಶಿಮ್, ಎಪಾಕ್ಸಿ, ಹೋಸು, ಫಿಲ್ಟರ್, ಪಾರ್ಸೆಲ್ ಎಲ್ಲ ಸೇರಿ 1,650. ಒಟ್ಟು 10,400 ರೂಪಾಯಿ.

ಬಾಕಿ ಇರುವುದು

ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಕಿಂಗ್‌ಪಿನ್ ಬೋಲ್ಟ್‌ಗಳನ್ನು ಮತ್ತೆ ಬಿಗಿದು ನೋಡಿದೆ, ಬಲಗಡೆ ಒಂದು ಸ್ವಲ್ಪ ತಿರುಗಿತು. ಎಡ ನಕಲ್ಲು ಒಣಗಿದೆ. ಬಲ ಗುಂಡಿನ ಮೇಲೆ ತೆಳ್ಳಗೆ ಎಣ್ಣೆಯ ಪಸೆ ಇದೆ. ಅದು ಫೆಲ್ಟಿನಲ್ಲಿ ನೆನೆಸಿದ ಆಯಿಲ್ಲೇ ಇರಬಹುದು. ಒರೆಸಿ ಬಿಟ್ಟಿದ್ದೇನೆ, ಮತ್ತೆ ಬಂದರೆ ಒಳಗಿನ ಸೀಲು ನೋಡಬೇಕು.

ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವ ಗೇರ್ ಪೆಟ್ಟಿಗೆ) ಮೂರು ರಬ್ಬರ್ ಮೌಂಟುಗಳಲ್ಲಿ ಒಂದು ಸೀಳಿದೆ, ಕ್ಲಚ್ ಬಿಟ್ಟಾಗ ಕೆಳಗೆ ಗುಡ್ ಎನ್ನುತ್ತದೆ. ಮೂರನ್ನೂ ಒಟ್ಟಿಗೆ ತರಿಸಿದ್ದೇನೆ. ಹಿಂದಿನ ನೆಲದ ತಗಡು ಮೈಲುತುತ್ತ ಚೆಲ್ಲಿ ಚೆಲ್ಲಿ ಎರಡು ಕಡೆ ತೂತಾಗಿದೆ. ಬೋರ್ಡೋ ದ್ರಾವಣದ ಡ್ರಮ್ಮನ್ನು ಇನ್ನು ರಬ್ಬರ್ ಮ್ಯಾಟ್ ಹಾಸದೆ ಇಡುವಂತಿಲ್ಲ. ತಗಡಿನ ವೆಲ್ಡಿಂಗ್ ಕೊಯ್ಲು ಮುಗಿದ ಮೇಲೆ, ಎಫ್‌ಸಿಗೆ ಒಯ್ಯುವ ಮುಂಚೆ.